ಕಂಟ್ರೋಲರು ಮಸೆದ ಗಾಳ

ಕೊಣನೂರು ಬಸ್‌ಸ್ಟ್ಯಾಂಡಿನ ಹಳೇ ಕಂಟ್ರೋಲರು ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡರು ಎಂಬ ಸುದ್ದಿ ನನಗೆ ಸಿಕ್ಕಿದ್ದು ಬೆಳಗಿನ ಬಸ್ಸಿನ ಕಂಡಕ್ಟರನಿಂದ. ಕೇಳಿದ ಕೂಡಲೇ ನಾನು ಮಾಡಿದ ಮೊದಲ ಕೆಲಸವೆಂದರೆ ಅಂಗಡಿಯ ಮಿಷನ್ನಿನಲ್ಲಿ ನನ್ನ ಬಿ.ಪಿ. ನೋಡಿಕೊಂಡದ್ದು. ಜಾಸ್ತಿ ಇತ್ತು. ಯಾವತ್ತೂ ಜಾಸ್ತಿಯೇ ಇರುತ್ತದೆ. ಆಮೇಲೆ ಶಟರ್ ಎಳೆದೆ, ಬೀಗ ಹಾಕಿದೆ, ಹಾಕಿದೆನೋ ಇಲ್ಲವೋ ಎಂದು ವಾಪಸ್ಸು ಬಂದು ಎಳೆದು ನೋಡಿ, ಅವರ ಮನೆಯ ದಾರಿ ಹಿಡಿದೆ.

ನನ್ನದು ಬಸ್‌ಸ್ಟ್ಯಾಂಡಿನ ಎದುರಿನ ಮೆಡಿಕಲ್ ಸ್ಟೋರು. ಅವರದು ಬಸ್‌ಸ್ಟ್ಯಾಂಡಿನ ಮೂಲೆಯ ಕಿಟಕಿ. ಕಂಟ್ರೋಲರು ಎಂದರೆ ಯಾವ ಬಸ್ಸು ಎಷ್ಟೊತ್ತಿಗೆ ಬಂತು, ಎಷ್ಟೊತ್ತಿಗೆ ಹೋಯಿತು ಎಂದು ಬರೆದುಕೊಳ್ಳುವವರು. ಬಸ್ಸುಗಳು ಅವರ ಕಂಟ್ರೋಲಿನಲ್ಲಿ ಇದ್ದದ್ದನ್ನು ನಾನು ಕಂಡಿಲ್ಲ. ವರ್ಷಾನುಗಟ್ಟಲೆ ನಾವಿಬ್ಬರೂ ರಸ್ತೆಯ ಆಚೆ ಈಚೆ ಕೂತು ಒಬ್ಬರ ಮುಖ ಒಬ್ಬರು ನೋಡಿದ್ದೇವೆ. ನಡುವೆ ಬಸ್ಸು ನಿಂತಾಗ ಮಾತ್ರ ವಿರಾಮ. ಅವರು ನನ್ನನ್ನು "ಡಾಕ್ಟ್ರೇ" ಎಂದು ಕರೆಯುತ್ತಿದ್ದರು. ನಾನು ಡಾಕ್ಟರಲ್ಲ, ಯಾರಾದರೂ ಕೇಳಿಸಿಕೊಂಡರೆ ಲೈಸೆನ್ಸಿಗೆ ತೊಂದರೆ ಎಂದು ಎಷ್ಟು ಹೇಳಿದರೂ, "ಅಂಗಾರೆ ಮೆತ್ತಗೆ ಕರೀತೀನಿ ಬಿಡಿ ಡಾಕ್ಟ್ರೇ" ಎಂದು ರಸ್ತೆಯ ಆಚೆಯಿಂದ ಕೂಗಿ ಹೇಳುತ್ತಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಬೀಗರ ಊರನ್ನೂ ಹಿರೀಸಾವೆ ಕಡೆಯ ಒಂದು ಹಳ್ಳಿ ಎಂದಷ್ಟೇ ಹೇಳುತ್ತೇನೆ. ಆ ಊರಿನಲ್ಲಿ ಓದುವ ಹವ್ಯಾಸದವರು ಇದ್ದರೆ ಅದು ನನ್ನ ದುರದೃಷ್ಟ.

ಬಸ್ಸಿಲ್ಲದ ಹೊತ್ತಿನಲ್ಲಿ ಕಂಟ್ರೋಲರು ಮೀನಿನ ಗಾಳ ಮಸೆಯುತ್ತಿದ್ದರು. ಬಸ್‌ಸ್ಟ್ಯಾಂಡಿನ ಪಕ್ಕದ ಸಲೂನಿನವನು ಬಳಸಿ ಬಿಟ್ಟ ಕತ್ತಿ ಮಸೆಯುವ ಕಲ್ಲೊಂದು ಅವರ ಟೇಬಲ್ಲಿನ ಮೇಲೆ ಸದಾ ಇರುತ್ತಿತ್ತು. ಇಕ್ಕಳದಲ್ಲಿ ಗಾಳದ ಕಾಲು ಹಿಡಿದು, ಕಲ್ಲಿನ ಮೇಲೆ ಮೊನೆಯ ಕಡೆಗೇ ಎಳೆಯುವುದು. ಹಿಂದಕ್ಕೆ ಉಜ್ಜುವ ಹಾಗಿಲ್ಲ. ಮೂರು ಮಗ್ಗುಲೂ ಎಳೆದಾದ ಮೇಲೆ ಬೆಂಕಿಪೊಟ್ಟಣದ ಮದ್ದಿನ ಪಟ್ಟಿಗೆ ಒಂದೆರಡು ಸಲ ತಾಗಿಸುವುದು. ಆಮೇಲೆ ಪರೀಕ್ಷೆ. ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಮೊನೆಯನ್ನು ಮೆಲ್ಲಗೆ ಬಿಡಬೇಕು. ಜಾರಿದರೆ ಮೊಂಡು, ಉಗುರಿಗೆ ಕಚ್ಚಿಕೊಂಡು ಅಲ್ಲೇ ನಿಂತರೆ ಪಾಸು. ಪಾಸಾದ ಗಾಳಕ್ಕೆ ಕೊಬ್ಬರಿ ಎಣ್ಣೆ ಸವರಿ, ಹಳೇ ಹವಾಯಿ ಚಪ್ಪಲಿಯಿಂದ ಕತ್ತರಿಸಿದ ರಬ್ಬರಿನ ತುಂಡಿಗೆ ಚುಚ್ಚಿಡುತ್ತಿದ್ದರು. ಅವರ ಉಗುರಿನ ತುಂಬ ಸಣ್ಣ ಸಣ್ಣ ಗೀರು. ನಾನು ಎದುರಿನಿಂದ ನೋಡುತ್ತ, ಅಂಗಡಿಯಲ್ಲಿ ಟಿ.ಟಿ. ಇಂಜೆಕ್ಷನ್ ಇದೆಯೇ ಎಂದು ಫ್ರಿಜ್ಜು ತೆಗೆದು ನೋಡುತ್ತಿದ್ದೆ.

"ಸಾ, ಹೊಳೇನರಸೀಪುರದ ಬಸ್ಸು ಬತ್ತದಾ?" ಎಂದು ಯಾರಾದರೂ ಕಿಟಕಿಗೆ ಬಂದರೆ, ತಲೆಯೆತ್ತದೆ "ಬತ್ತಾ ಐತೆ" ಎನ್ನುತ್ತಿದ್ದರು.

"ಎಲ್ಲಿಗಂಟ ಬಂದದೆ ಸಾ?"

"ಅದು ಬಸ್ಸಿಗೆ ಗೊತ್ತು. ಬತ್ತಾ ಇರೋದಂತೂ ದಿಟ."

ಇದು ಅವರ ಸ್ವಭಾವ. ಸುಳ್ಳು ಹೇಳುವವರಲ್ಲ. ನಿಜವನ್ನು ಬೇಕಾದಷ್ಟೇ ಕತ್ತರಿಸಿ ಕೊಡುವವರು. ಬಸ್ಸು ತಡವಾಗಿದೆ ಎಂದು ಅವರು ಹೇಳಿದ್ದನ್ನು ಕೇಳಿದವರಿಲ್ಲ.

ಭಾನುವಾರ ತೂಗುಸೇತುವೆಯ ಕೆಳಗೆ ಹೊಳೆಯ ದಡದಲ್ಲಿ ಕೂರುತ್ತಿದ್ದರು. ಇಷ್ಟು ಮಸೆಯುವವರು ಮಂಕರಿ ತುಂಬ ಮೀನು ತರಬೇಕಲ್ಲ ಎಂದು ನೀವು ಅಂದುಕೊಂಡರೆ ತಪ್ಪಿಲ್ಲ, ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಸಲ ಜೊತೆಗೆ ಹೋದೆ. ಎರೆಹುಳು ಸಿಕ್ಕಿಸಿ ಗಾಳ ಎಸೆದರು. ಸ್ವಲ್ಪ ಹೊತ್ತಿಗೇ ಎತ್ತಿದರು. ಮೀನು ಕಚ್ಚಿತೇ ಎಂದೆ. ಇಲ್ಲ, ತಳದ ಕಲ್ಲಿಗೆ ತಾಗಿ ಮೊನೆ ಹೋಯಿತೇನೋ ಎಂದು ಅನುಮಾನವಂತೆ. ಉಗುರಿನ ಮೇಲೆ ಬಿಟ್ಟು ನೋಡಿ, ಜೇಬಿನಿಂದ ಕಲ್ಲು ತೆಗೆದು ಎರಡು ಎಳೆ ಎಳೆದು, ಮತ್ತೆ ಎಸೆದರು. ಮತ್ತೆ ಎತ್ತಿದರು. ಮೀನೊಂದು ಯೋಚನೆ ಮಾಡಿ ಒಂದು ತೀರ್ಮಾನಕ್ಕೆ ಬರುವಷ್ಟು ಹೊತ್ತು ಅವರ ಗಾಳ ನೀರಿನಲ್ಲಿ ಇದ್ದದ್ದೇ ಇಲ್ಲ. ಪಕ್ಕದಲ್ಲಿ ಕೂತಿದ್ದವನು ತುಕ್ಕು ಹಿಡಿದ ಗಾಳದಲ್ಲಿ ಒಂದರ ಹಿಂದೆ ಒಂದು ಜಿಲೇಬಿ ಮೀನು ಎಳೆಯುತ್ತ, "ಕಂಟ್ರೋಲರ್ ಸಾ, ಒಸಿ ಅದ್ಕೂ ಕಚ್ಚಕೆ ಟೈಮ್ ಕೊಡಿ" ಎಂದ.

"ಕಚ್ಚೋದು ಬಿಡೋದು ಮೀನಿನ ಇಷ್ಟ ಕಣಪ್ಪ. ಮೊನೆ ನೆಟ್ಟಗಿರ್ಬೇಕಾದ್ದು ನಮ್ ಕೆಲ್ಸ" ಎಂದರು ಇವರು.

ಶಟರ್ ಎರಡು ಸಲ ಎಳೆದು ನೋಡುವ ನನಗೆ ಈ ಮನುಷ್ಯನ ಮೇಲೆ ಅಭಿಮಾನ ಹುಟ್ಟಿದ್ದು ಅವತ್ತೇ.

ಅವರಿಗೆ ಒಬ್ಬಳೇ ಮಗಳು. ಹಿರೀಸಾವೆ ಕಡೆಯಿಂದ ಹೆಣ್ಣು ನೋಡಲು ಬಂದರು. ತೆಂಗಿನ ತೋಟ, ಹಿಟ್ಟಿನ ಗಿರಣಿ ಇದ್ದ ಒಳ್ಳೆಯ ಮನೆತನ. ಉಪ್ಪಿಟ್ಟು ಕಾಫಿ ಆದ ಮೇಲೆ ಮಾತು ಮುಗಿದು ಎಲ್ಲರೂ ಫ್ಯಾನು ನೋಡುತ್ತ ಕೂತಿದ್ದಾಗ, ಹುಡುಗನ ಅಪ್ಪ ಮನೆಯ ಕಿಟಕಿಯಲ್ಲಿದ್ದ ಚಪ್ಪಲಿ ತುಂಡನ್ನೂ ಅದರ ತುಂಬ ಚುಚ್ಚಿದ್ದ ಗಾಳಗಳನ್ನೂ ಕಂಡರು.

"ಮೀನು ಹಿಡೀತೀರಾ?"

"ಗಾಳ ಹಾಕ್ತೀನಿ" ಎಂದರು ಕಂಟ್ರೋಲರು.

"ನಿಮ್ ಹೊಳೇಲಿ ಎಷ್ಟ್ ದೊಡ್ ಮೀನವೆ?"

ಕಂಟ್ರೋಲರು ಎರಡೂ ಕೈ ಅಗಲಿಸಿ ತೋರಿಸಿದರು. ಹೊಳೆಯಲ್ಲಿ ಅಂಥ ಮೀನು ಇರುವುದು ನಿಜವೇ. ಅದನ್ನು ಯಾರು ಹಿಡಿದರೆಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ.

"ನಮ್ ಕಡೆ ಬೋರಲ್ಲೇ ನೀರಿಲ್ಲ, ಇನ್ ಮೀನೆಲ್ಲಿಂದ ಬರ್ಬೇಕು. ಸಂಬಂಧ ಕುದುರ್ತು ಅಂದ್ರೆ, ಬೀಗ್ರೇ, ನಿಮ್ ಕೈಯಾರೆ ಹಿಡ್ದ ಒಂದು ಮೀನು ಬೀಗರೂಟಕ್ಕೆ ಹಾಕ್ಬುಡಿ. ಬಾಯಲ್ಲಿ ಗಾಳದ ಗುರುತು ನೋಡ್ದೇ ಉಣ್ಣಾಕಿಲ್ಲ ನಾನು" ಎಂದು ಹುಡುಗನ ಅಪ್ಪ ದೊಡ್ಡದಾಗಿ ನಕ್ಕರು. ಎಲ್ಲರೂ ನಕ್ಕರು. ಕಂಟ್ರೋಲರೂ ನಕ್ಕರಂತೆ, ಆ ನಗುವನ್ನು ಆಮೇಲೆ ತುಂಬ ದಿನ ಅವರು ನೆನೆಸಿಕೊಂಡು ನೊಂದರು.

ಮದುವೆ ಆಯಿತು. ನಮ್ಮ ಕಡೆ ಮದುವೆಯೂಟ ಬರೀ ಪಾಯಸದ್ದು. ನೆಂಟಸ್ತಿಕೆ ಗಟ್ಟಿಯಾಗುವುದು ಆಮೇಲಿನ ಬೀಗರೂಟದಲ್ಲಿ, ಬಾಡಿನ ಊಟದಲ್ಲಿ. ಮೊದಲು ಗಂಡಿನವರು ಅವರ ಊರಿನಲ್ಲಿ ಹಾಕಿದರು. ಮರಿ ಕಡಿದು, ಎಲೆಯ ಮುಂದೆ ನಿಂತು ಬಲವಂತ ಮಾಡಿ ಬಡಿಸಿದರು. ನಾನು ಮೂರು ದಿನ ನನ್ನ ಅಂಗಡಿಯ ಮಾಲನ್ನೇ ನುಂಗಿದೆ. ಆಮೇಲೆ ಇವರ ಸರದಿ. ಅಲ್ಲಿಂದ ಫೋನು ಬಂದಾಗಲೆಲ್ಲ, "ಮೀನು ರೆಡಿನಾ ಬೀಗ್ರೇ?" ಎಂಬುದೇ ಮಾತು. ಮಗಳು ಹೋಗಿ ಇನ್ನೂ ತಿಂಗಳಾಗಿರಲಿಲ್ಲ. ಅಪ್ಪ ಜಂಬದ ಬುರುಡೆ ಮನುಷ್ಯ ಎಂಬ ಹೆಸರು ಬಂದರೆ ಅದನ್ನು ಆ ಮನೆಯಲ್ಲಿ ದಿನಾ ಕೇಳಬೇಕಾದವಳು ಅವಳು.

ಹಿಂದಿನ ದಿನ ಬೆಳಗಿನಿಂದ ಸಂಜೆಯವರೆಗೆ ಹೊಳೆಯಲ್ಲಿ ಕೂತರು. ಏನೂ ಸಿಗಲಿಲ್ಲ. ಕೊನೆಗೆ ಡ್ಯಾಮಿನ ಮೀನು ತರುವ ಗಾಡಿಯವನಿಗೆ ಹೇಳಿ, ಊಟದ ದಿನ ಬೆಳಿಗ್ಗೆ ಸಾರಿಗೆ ಬೇಕಾದಷ್ಟು ಮೀನನ್ನೂ ಜೊತೆಗೆ ತೋಳುದ್ದದ ಒಂದು ಕಾಟ್ಲಾ ಮೀನನ್ನೂ ತರಿಸಿದರು. ಬಲೆಗೆ ಬಿದ್ದ ಮೀನು, ಬಾಯಲ್ಲಿ ಗುರುತೆಲ್ಲಿಯದು. ಕಂಟ್ರೋಲರು ಚಪ್ಪಲಿ ತುಂಡಿನಿಂದ ಇದ್ದುದರಲ್ಲಿ ಒಳ್ಳೆಯ ಗಾಳ ಆರಿಸಿ, ಉಗುರಿನ ಮೇಲೆ ಒಮ್ಮೆ ಪರೀಕ್ಷಿಸಿ, ಮೀನಿನ ತುಟಿಗೆ ಸಿಕ್ಕಿಸಿದರು.

"ಸತ್ತ ಮೀನಿಗೆ ಪರೀಕ್ಷೆ ಯಾಕ್ರೀ?" ಎಂದೆ.

"ಅಂಗಲ್ಲ ಡಾಕ್ಟ್ರೇ. ಯಾರಾದ್ರೂ ನೋಡ್ತಾರೆ."

ಬೀಗರು ಬಂದ ಮೇಲೆ ಗಾಳ ಸಮೇತ ತಟ್ಟೆಯಲ್ಲಿಟ್ಟು ತೋರಿಸುವುದು, "ನನ್ನ ಗಾಳದ್ದೇ" ಎನ್ನುವುದು, ಆಮೇಲೆ ಅಡುಗೆಗೆ ಕೊಡುವುದು ಎಂದು ಅವರ ಲೆಕ್ಕ. ಮಾತೂ ಸುಳ್ಳಲ್ಲ. ಗಾಳ ಅವರದೇ.

ಬೀಗರ ಬಸ್ಸು ಚನ್ನರಾಯಪಟ್ಟಣದ ಹತ್ತಿರ ಪಂಕ್ಚರಾಯಿತು. ಕಂಟ್ರೋಲರು ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತ ನಿಂತರು. ಜೀವನದಲ್ಲಿ ಮೊದಲ ಸಲ ಬೇರೆಯವರಿಂದ "ಬತ್ತಾ ಐತೆ" ಎನ್ನಿಸಿಕೊಂಡರು. ಬಿಸಿಲೇರಿತು. ಕೊನೆಗೆ ಅವರನ್ನೆಲ್ಲ ಚಪ್ಪರಕ್ಕೆ ಕರೆತಂದು ಕೂರಿಸಿ, ತಟ್ಟೆ ತರಲು ಹಿತ್ತಲಿಗೆ ಹೋದರು. ಹೊಳೇನರಸೀಪುರದಿಂದ ಬಂದಿದ್ದ ಅಡುಗೆಯವನು ದೊಡ್ಡ ತಪ್ಪಲೆ ತಿರುಗಿಸುತ್ತಿದ್ದ. ನಾನು ಹಿಂದೆಯೇ ಇದ್ದೆ.

"ಆ ದೊಡ್ ಮೀನೆಲ್ಲಪ್ಪ?"

"ವೊತ್ತಾಯ್ತು ಅಂತ ಕುಯ್ದಾಕ್ಬುಟ್ಟೆ ಸಾ. ಕುದೀತಾ ಐತೆ."

"ಬಾಯಲ್ಲಿ ಗಾಳ ಇತ್ತಲ್ಲಪ್ಪ?"

"ಯಾವ್ ಗಾಳ? ಗಾಡೀಲಿ ಬಂದ ಮೀನಲ್ವಾ ಸಾ?"

ತಲೆಯ ತುಂಡುಗಳನ್ನೆಲ್ಲ ಸೌಟಿನಿಂದ ಎತ್ತಿಸಿ ನೋಡಿದೆವು. ಗಾಳ ಇರಲಿಲ್ಲ. ತೊಳೆದ ನೀರು, ಹೊಟ್ಟೆಯ ಕಸವನ್ನೆಲ್ಲ ಬೇಲಿಯಾಚೆ ಎಸೆದಿದ್ದ. ಅಷ್ಟು ಹೊತ್ತಿಗೆ ನಾಯಿ ಕಾಗೆಗಳು ಅದನ್ನು ಮುಗಿಸಿದ್ದವು. ಗಾಳ ಅಲ್ಲಿ ಹೋಗಿರಬಹುದು. ಸಾರಿನಲ್ಲೂ ಇರಬಹುದು. ಹೊರಗೆ ಚಪ್ಪರದಲ್ಲಿ ಎಲೆ ಹಾಕುವ ಸದ್ದು ಕೇಳುತ್ತಿತ್ತು.

ಚೆಲ್ಲಿಬಿಡಿ ಎಂದೆ. ಗಂಟಲು, ಅನ್ನನಾಳ, ಜಠರ, ಸಣ್ಣ ಕರುಳು, ಎಲ್ಲೆಲ್ಲಿ ಏನೇನಾಗಬಹುದು ಎಂದು ಒಂದೊಂದಾಗಿ ಹೇಳಿದೆ. ಈ ವಿಷಯದಲ್ಲಿ ನನಗೆ ಮೊದಲೇ ತಯಾರಿ ಇರುತ್ತದೆ. ಅವರು ಪೂರ್ತಿ ಕೇಳಿಸಿಕೊಂಡರು. ಚೆಲ್ಲಿದರೆ ಬೀಗರು ಯಾಕೆ ಎನ್ನುತ್ತಾರೆ. ಯಾಕೆ ಎಂದು ಹೇಳಿದರೆ ಮಗಳ ಬಾಳು ಅಲ್ಲಿಂದ ಶುರುವಾಗಬೇಕು. ಚೆಲ್ಲದಿದ್ದರೆ ಯಾರದೋ ಕರುಳು.

ಆಮೇಲೆ ಒಳಗೆ ಹೋಗಿ ಮಗಳ ಮದುವೆಗೆ ತಂದಿದ್ದ ಹೊಸ ಸೊಳ್ಳೆಪರದೆ ಬಿಚ್ಚಿಕೊಂಡು ಬಂದರು. ಸಾರನ್ನೆಲ್ಲ ಇನ್ನೊಂದು ತಪ್ಪಲೆಗೆ ಸೋಸಿದೆವು. ಅವರ ಮನೆಯವರು ಬಂದು ಬಾಗಿಲಲ್ಲಿ ನಿಂತರು.

"ಏನ್ರೀ ಇದು, ಸಾರಿಗೆ ಸೊಳ್ಳೆಪರದೆ ಕಟ್ಟಿದ್ದೀರಿ?"

"ಮುಳ್ಳು ಕಣೇ. ಬೀಗರಿಗೆ ಚುಚ್ಬಾರ್ದು."

ಪರದೆಯಲ್ಲಿ ಮೆಣಸಿನಕಾಯಿ ಸಿಪ್ಪೆ, ಕರಿಬೇವು ಉಳಿದವು. ಗಾಳ ಇಲ್ಲ. ಇನ್ನು ನೋಡಲು ಉಳಿದದ್ದು ಮೀನಿನ ತುಂಡುಗಳು. ಕಂಟ್ರೋಲರು ಪಂಚೆ ಎತ್ತಿ ಕಟ್ಟಿ, ಕೈ ತೊಳೆದು, ತಟ್ಟೆ ಹಿಡಿದು ತಾವೇ ಪಂಕ್ತಿಗೆ ಇಳಿದರು. ಪ್ರತಿ ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಪ್ರತಿ ತುಂಡನ್ನೂ ಬೆರಳಲ್ಲಿ ಒಡೆದು, ಒತ್ತಿ, ಎಳೆ ಎಳೆ ಬಿಡಿಸಿ, ಮುಳ್ಳು ತೆಗೆದು ಬದಿಗಿಟ್ಟು, ಆಮೇಲೆ ಎಲೆಗೆ ಹಾಕಿದರು. ಬಿಸಿಗೆ ಬೆರಳು ಕೆಂಪಾಗಿದ್ದವು. ನಾನು ಹಿಂದೆ ನೀರಿನ ಜಗ್ಗು ಹಿಡಿದು, ಉಣ್ಣುವವರ ಗಂಟಲು ನೋಡುತ್ತ ನಡೆದೆ. ಯಾರೋ ಕೆಮ್ಮಿದರು. ಕಂಟ್ರೋಲರು ತಟ್ಟೆ ಬಿಟ್ಟು ಓಡಿದರು. ಖಾರ ನೆತ್ತಿಗೆ ಹತ್ತಿತ್ತು ಅಷ್ಟೇ.

ಪಂಕ್ತಿಯಲ್ಲಿ ನಿಧಾನಕ್ಕೆ ಮಾತು ನಿಂತಿತು. ಹೆಣ್ಣಿನ ಅಪ್ಪ, ಸರ್ಕಾರಿ ನೌಕರ, ಎಲೆಯ ಮುಂದೆ ಕೂತು ಮುಳ್ಳು ಬಿಡಿಸಿ ಬಡಿಸುವುದನ್ನು ಅವರಾರೂ ಕಂಡಿರಲಿಲ್ಲ. ಹುಡುಗನ ಅಪ್ಪ ಗಾಳದ ಗುರುತು ಕೇಳುವುದನ್ನೇ ಮರೆತರು. "ಬೀಗ್ರೇ, ಸಾಕು ಎದ್ದೇಳಿ, ನಮ್ಗೆ ಪಾಪ ಬತ್ತದೆ" ಎಂದರು. ಕಣ್ಣು ಒದ್ದೆಯಾಗಿತ್ತು.

"ಇಲ್ಲ, ಇಲ್ಲ, ನೋಡ್ಕಂಡು ಹಾಕ್ಬೇಕು" ಎಂದರು ಇವರು.

ಗಾಳ ಸಿಗಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ.

ಇಷ್ಟೆಲ್ಲ ಸೋಸಿದ್ದೀರಿ, ಒತ್ತಿದ್ದೀರಿ, ಅದು ಕಸದ ಜೊತೆ ಹೋಗಿದೆ, ಮರೆತುಬಿಡಿ ಎಂದು ನಾನು ಹೇಳಿದೆ. ನಾನು ಒಬ್ಬರಿಗೆ ಚಿಂತೆ ಬಿಡಿ ಎಂದು ಹೇಳುವ ಪರಿಸ್ಥಿತಿ ಬಂತಲ್ಲ ಎಂದು ನನಗೇ ಆಶ್ಚರ್ಯವಾಯಿತು. ಅಕಸ್ಮಾತ್ ಯಾರಾದರೂ ನುಂಗಿದ್ದರೂ ಒಂದು ವಾರದೊಳಗೆ ಗೊತ್ತಾಗಿಬಿಡುತ್ತದೆ, ಇಲ್ಲ ತಾನಾಗಿ ಹೊರಗೆ ಹೋಗುತ್ತದೆ ಎಂದೂ ಹೇಳಿದೆ.

"ನೀವ್ ಹೇಳೋದು ಮಾಮೂಲಿ ಗಾಳಕ್ಕೆ ಡಾಕ್ಟ್ರೇ" ಎಂದರು. "ಇದು ನಾನು ಮಸೆದಿದ್ದು."

"ತುಕ್ಕು ಹಿಡಿದು ಕರಗಿಹೋಗುತ್ತೆ ಬಿಡಿ."

"ಎಣ್ಣೆ ಸವರಿದ್ನಲ್ಲ."

ಮೊದಲ ಕೆಲವು ವಾರ ಬೇಲಿಯಾಚೆಯ ನಾಯಿಗಳಿಗೆ ದಿನಾ ಬನ್ನು ಹಾಕಿ, ತಿನ್ನುತ್ತವೋ ಇಲ್ಲವೋ ನೋಡುತ್ತಿದ್ದರು. ಅವು ತಿಂದವು. ನಾಯಿಗಳು ಚೆನ್ನಾಗಿದ್ದಷ್ಟೂ ಅವರಿಗೆ ಬೀಗರ ಕಡೆ ಅನುಮಾನ ಜಾಸ್ತಿಯಾಯಿತು. ಚನ್ನರಾಯಪಟ್ಟಣದ ಕಡೆಯಿಂದ ಬರುವ ಕಂಡಕ್ಟರುಗಳಿಗೆಲ್ಲ ಒಂದು ಕೆಲಸ ಹಚ್ಚಿದರು.

"ಹಿರೀಸಾವೆ ಕಡೆ ನಮ್ ಬೀಗರೂರಲ್ಲಿ ಯಾರ್ಗಾದ್ರೂ ಹೊಟ್ಟೆನೋವು ಅಂತ ಸುದ್ದಿ ಬಂದ್ರೆ ಒಸಿ ಹೇಳಪ್ಪ."

"ಯಾಕ್ ಸಾ?"

"ನೆಂಟ್ರಲ್ವಾ."

ಕಂಡಕ್ಟರುಗಳು ಅಂಥ ಸುದ್ದಿ ತರುವುದರಲ್ಲಿ ನಿಸ್ಸೀಮರು. ಯಾರಿಗೋ ಗ್ಯಾಸು, ಯಾರಿಗೋ ಮೂಲವ್ಯಾಧಿ, ಎಲ್ಲ ಟಿಕೆಟ್ಟಿನ ಜೊತೆ ಬರುತ್ತಿತ್ತು. ಕಂಟ್ರೋಲರು ರಜೆ ಹಾಕಿ ಹೋಗುತ್ತಿದ್ದರು. ಹಣ್ಣು ಒಯ್ದು, ಹಾಸಿಗೆಯ ಪಕ್ಕ ಕೂತು, ಎಲ್ಲಿ ನೋವು, ಯಾವಾಗಿನಿಂದ ಎಂದು ಕೇಳಿ, ವಾಪಸ್ಸು ಬಂದು ನನಗೆ ವರದಿ ಒಪ್ಪಿಸುತ್ತಿದ್ದರು. ದಿನಾ ಒಬ್ಬರಿಗಾದರೂ ಫೋನು ಮಾಡಿ ಊಟ ಸೇರಿತಾ, ಹೊಟ್ಟೆ ನೆಟ್ಟಗಿದೆಯಾ ಎಂದು ವಿಚಾರಿಸುತ್ತಿದ್ದರು. ಅವತ್ತು ಊಟಕ್ಕೆ ಬಂದಿದ್ದ ಒಬ್ಬೊಬ್ಬರ ಹೆಸರು, ಮನೆ, ಹೊಟ್ಟೆಯ ಸ್ಥಿತಿ ಅವರಿಗೆ ಬಾಯಿಪಾಠ.

ಬೀಗರ ಸೋದರತ್ತೆ ಒಬ್ಬರಿದ್ದರು, ಹೊಟ್ಟೆನೋವಿಗೆ ಓಮದ ಕಾಳು ತಿಂದು ಮಲಗುವ ಮುದುಕಿ. ಕಂಟ್ರೋಲರು ಹೋಗಿ, ಬಿಡದೆ, ಹಾಸನಕ್ಕೆ ಕರೆದೊಯ್ದು ಎಕ್ಸ್‌ರೇ, ಸ್ಕ್ಯಾನಿಂಗು ಎಲ್ಲ ಮಾಡಿಸಿದರು. ಪಿತ್ತಕೋಶದಲ್ಲಿ ಕಲ್ಲು, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ ಅಲ್ಲಿನ ಡಾಕ್ಟರು. ಇವರು ಕಾರಿಡಾರಿನಲ್ಲಿ ನಿಂತು ಕೈ ಮುಗಿದು, "ಕಲ್ಲಾ? ಬರೀ ಕಲ್ಲಾ? ದೇವರು ದೊಡ್ಡವನು" ಎಂದು ನಕ್ಕರು. ಮುದುಕಿಯ ಮಗ ಸ್ವಲ್ಪ ಹೊತ್ತು ಇವರನ್ನೇ ನೋಡಿದನಂತೆ. ಆಪರೇಷನ್ ಆಗಿ ಮುದುಕಿ ಎದ್ದು ಓಡಾಡಿದ ಮೇಲೆ ಆ ಊರಿನಲ್ಲಿ ಇವರ ಮಾತಿಗೆ ಎದುರಿಲ್ಲವಾಯಿತು. ಮಗಳಿಗೆ ಅತ್ತೆಮನೆಯಲ್ಲಿ ಒಂದು ಮಾತು ಅಂದವರಿಲ್ಲ. "ಅಂಥಾ ಅಪ್ಪನ ಮಗಳು" ಎನ್ನುತ್ತಿದ್ದರಂತೆ.

ಗಾಳ ಮಸೆಯುವುದನ್ನು ಅವರು ಬಿಡಲಿಲ್ಲ. ಆದರೆ ಅಲ್ಲಿಂದ ಮುಂದೆ ಒಂದೊಂದು ಗಾಳಕ್ಕೂ ಗೇಣುದ್ದದ ಕೆಂಪು ಉಲ್ಲನ್ ದಾರ ಕಟ್ಟುತ್ತಿದ್ದರು. ಎಲ್ಲೇ ಬಿದ್ದರೂ ಕಾಣಬೇಕು. ಹೊಳೆಗೆ ಮಾತ್ರ ಹೋಗಲಿಲ್ಲ. ರಿಟೈರಾದ ಮೇಲೂ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಬಂದು, ಹೊಸ ಕಂಟ್ರೋಲರಿಗೆ ತೊಂದರೆ ಕೊಡದ ಹಾಗೆ ಕಲ್ಲುಬೆಂಚಿನ ತುದಿಯಲ್ಲಿ ಕೂತು, ಚನ್ನರಾಯಪಟ್ಟಣದ ಬಸ್ಸು ಬರುವವರೆಗೆ ಮಸೆದು, ಸುದ್ದಿ ಕೇಳಿಕೊಂಡು ಎದ್ದು ಹೋಗುತ್ತಿದ್ದರು.

ಅವರ ಮನೆಯ ಮುಂದೆ ನಾನು ಹೋದಾಗ ನೆಂಟರು ಇನ್ನೂ ಸೇರಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಿರೀಸಾವೆ ಕಡೆಯಿಂದ ಒಂದು ಬಸ್ಸು, ಹಿಂದೆ ಎರಡು ಟೆಂಪೋ ಬಂದವು. ಇಳಿದವರನ್ನು ನೋಡಿ ನಮ್ಮ ಊರಿನವರು ಸರಿದು ಜಾಗ ಕೊಟ್ಟರು. ಪಿತ್ತಕೋಶದ ಮುದುಕಿಯನ್ನು ಇಬ್ಬರು ಹಿಡಿದು ಇಳಿಸಿದರು. ಅವತ್ತು ಪಂಕ್ತಿಯಲ್ಲಿ ಕೂತವರು ಹೆಚ್ಚುಕಡಿಮೆ ಎಲ್ಲರೂ ಇದ್ದರು. ಸ್ವಲ್ಪ ನರೆತಿದ್ದರು, ಸ್ವಲ್ಪ ದಪ್ಪಗಾಗಿದ್ದರು. ಎಲ್ಲರೂ ಅಳುತ್ತಿದ್ದರು. ಯಾರಿಗೂ ಏನೂ ಆಗಿರಲಿಲ್ಲ.

ಬೀಗರು ನನ್ನ ಪಕ್ಕ ಬಂದು ಜಗುಲಿಯ ಮೇಲೆ ಕೂತರು. ತುಂಬ ಹೊತ್ತು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಫೋನ್ ಮಾಡ್ದಾಗ್ಲೆಲ್ಲ ಮೊದ್ಲು ಕೇಳ್ತಿದ್ದದ್ದೇ ಅದು ಕಣ್ರೀ, ಊಟ ಸೇರ್ತಾ, ಹೊಟ್ಟೆ ನೆಟ್ಟಗೈತಾ ಅಂತ. ನಮ್ಮವ್ವ ಹೋದ್ಮ್ಯಾಲೆ ಇನ್ಯಾರೂ ಕೇಳಿರ್ನಿಲ್ಲ. ನಮ್ ಮಕ್ಳು ಕೇಳಾಕಿಲ್ಲ. ಇಡೀ ಊರಿಗೇ ಅಂಗೆ. ಯಾಕಂಗಿದ್ರು ಆ ಮನುಷ್ಯ?"

ನನಗೆ ಕಾರಣ ಗೊತ್ತಿತ್ತು. ಹೇಳಲು ಬಾಯಿ ತೆರೆದೆನೋ ಏನೋ, ನೆನಪಿಲ್ಲ. ಒಳಗೆ ಮಗಳು ಅಪ್ಪನ ಕಾಲ ಹತ್ತಿರ ಕೂತಿದ್ದಳು. ಪಕ್ಕದಲ್ಲಿ ಅವಳ ಅತ್ತೆ ಅವಳ ಬೆನ್ನು ಸವರುತ್ತಿದ್ದರು.

"ಅವರು ಹಂಗೇ" ಎಂದೆ.

"ನೀವು ಬಸ್‌ಸ್ಟ್ಯಾಂಡ್ ಮೆಡಿಕಲ್‌ನೋರಲ್ವಾ? ನಿಮ್ ವಿಚಾರ ಹೇಳೋರು, ದೊಡ್ ಡಾಕ್ಟ್ರು ಅಂತ." ಬೀಗರು ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡರು. "ಯಾಕೋ ಬೆಳಗ್ಗಿಂದ ಇಲ್ಲಿ ಒಂಥರಾ ಹಿಡ್ಕಂಡಂಗೈತೆ."

ನಾನು ಎದ್ದು ಅವರ ಎದುರಿಗೆ ಕುಕ್ಕರಗಾಲಲ್ಲಿ ಕೂತೆ.

"ಚುಚ್ಚಿದಂಗಾ, ಹಿಂಡಿದಂಗಾ?"

ಅವರು ಯೋಚನೆ ಮಾಡಿದರು. ನಾನು ಅವರ ಅಂಗೈ ಇದ್ದ ಜಾಗವನ್ನೇ ನೋಡುತ್ತಿದ್ದೆ.

"ಹಿಂಡ್ದಂಗೆ. ಬೆಳಗ್ಗಿಂದ ಏನೂ ತಿಂದಿಲ್ಲ, ಅದ್ಕೇನೋ."

ಅಂಗಡಿಗೆ ಓಡಿಹೋಗಿ ಒಂದು ಮಾತ್ರೆ, ಎರಡು ಬಾಳೆಹಣ್ಣು ತಂದುಕೊಟ್ಟೆ. ಅವರ ಫೋನ್ ನಂಬರು ಬರೆದುಕೊಂಡೆ. ರಾತ್ರಿ ನಿದ್ದೆ ಬರಲಿಲ್ಲ, ಅದು ಹೊಸದಲ್ಲ. ಬೆಳಿಗ್ಗೆ ಶಟರ್ ಎತ್ತುವ ಮೊದಲೇ ಫೋನು ಮಾಡಿದೆ. ಊಟ ಸೇರಿತೇ ಎಂದು ಕೇಳಿದೆ.

"ಸೇರ್ತು ಡಾಕ್ಟ್ರೇ" ಎಂದರು. ಆಮೇಲೆ, "ನಿಮ್ದು?" ಎಂದರು.